ಎಸ್. ಪಿ. ರೋಡಿಗೆ ಹೋಗಿ ಬಂದುದು

ಬೆಂಗಳೂರಿಗೆ ಹೋಗಿ ಬಂದವರು ಲಾಲ್‌ಬಾಗನ್ನು ಕಂಡೆವು, ವಿಧಾನಸೌಧವನ್ನು ಕಂಡೆವು, ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಕೈಮುಗಿದೆವು ಎಂದು ಹೇಳುವುದು ವಾಡಿಕೆ. ಎಸ್. ಪಿ. ರೋಡನ್ನು ಕಂಡು ಬಂದೆವೆಂದು ಹೇಳಿಕೊಂಡವರನ್ನು ನಾವು ಇದುವರೆಗೆ ನೋಡಿಲ್ಲ. ಅಲ್ಲಿ ತಲೆಯೆತ್ತಿ ನೋಡತಕ್ಕ ಗೋಪುರವಿಲ್ಲ; ಕುಳಿತು ದಣಿವಾರಿಸಿಕೊಳ್ಳತಕ್ಕ ನೆರಳೂ ಇಲ್ಲ. ಆದರೂ ಕ್ರೋಧಿ ಸಂವತ್ಸರದ ವೈಶಾಖದಲ್ಲಿ, ಎಂದರೆ 2024ರ ಮೇ ತಿಂಗಳ ಕೊನೆಯ ವಾರದಲ್ಲಿ, ಆ ಬೀದಿಯಲ್ಲಿ ಕಳೆದ ಒಂದು ಹಗಲು ಅನೇಕ ತೀರ್ಥಯಾತ್ರೆಗಳಿಗಿಂತ ಹೆಚ್ಚಾಗಿ ನಮ್ಮ ನೆನಪಿನಲ್ಲಿ ನಿಂತಿದೆ. ನಮ್ಮನ್ನು ಅಲ್ಲಿಗೆ ಕರೆದೊಯ್ದ ಪ್ರಶ್ನೆಯು ವಾಚಕರ ಮನೆಗಳಲ್ಲಿಯೂ ಇಂದಲ್ಲ ನಾಳೆ ಏಳತಕ್ಕದ್ದಾದುದರಿಂದ, ಆ ಪ್ರಯಾಣದ ವಿವರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರಶ್ನೆ ಯಾವುದೆಂದರೆ—ಮನೆಗೆ ಕಂಪ್ಯೂಟರು ಬೇಕಾದಾಗ, ಕಂಪನಿಯವರು ಕಟ್ಟಿ ಮುಚ್ಚಿ ಕಳುಹಿಸಿದ ಸಿದ್ಧಯಂತ್ರವನ್ನು ಕೊಳ್ಳುವುದೇ, ಅಥವಾ ಅದರ ಅಂಗಾಂಗಗಳನ್ನು ಬೇರೆಬೇರೆಯಾಗಿ ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವುದೇ?

ನಮ್ಮ ಮನೆಯಲ್ಲಿ 2015ರಲ್ಲಿ ಕೊಂಡ ಒಂದು ಸಿದ್ಧಯಂತ್ರವಿದ್ದಿತು. ಅದು ಎಂಟು ವರ್ಷ ದುಡಿದು, ಒಂದು ದಿನ ಮಾತಿಲ್ಲದೆ ನಿಂತುಹೋಯಿತು. ಕೆಟ್ಟಿದ್ದುದು ವಿದ್ಯುತ್ತನ್ನು ಹದಗೊಳಿಸಿ ಒಳಕ್ಕೆ ಹಂಚುವ ಪೆಟ್ಟಿಗೆ ಮಾತ್ರ. ಅಂಗಡಿಯವರು ಅದನ್ನು ಎಸ್ಎಂಪಿಎಸ್ ಎನ್ನುತ್ತಾರೆ. ಹೊಸದೊಂದನ್ನು ಹಾಕಿಸೋಣವೆಂದರೆ, ಅದರ ಆಕಾರವೂ ತಂತಿಯ ಮೂತಿಯೂ ಆ ಕಂಪನಿಗೇ ವಿಶೇಷವಾದುವಂತೆ. ಪೇಟೆಯಲ್ಲಿ ಸಿಕ್ಕುವ ಯಾವುದೂ ಅದಕ್ಕೆ ಕೂಡಲಿಲ್ಲ. ಕಂಪನಿಯವರು ಆ ಮಾದರಿಯ ಭಾಗಗಳನ್ನು ಇಡುವುದನ್ನು ಬಿಟ್ಟಿದ್ದರು. ಒಂದು ಅಂಗದ ದೋಷದಿಂದ ಉಳಿದ ಅಂಗಗಳೆಲ್ಲ ಗುಜರಿಗೆ ಹೋದುವು. ನಮ್ಮ ಕಿರಿಯ ಮಗಳು ಇದನ್ನು ಮರೆತಿರಲಿಲ್ಲ. ತುಮಕೂರಿನಲ್ಲಿಯೇ ಇಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದ ಅವಳಿಗೆ ಯಂತ್ರ ಬೇಕೇ ಬೇಕಾದಾಗ, “ಈ ಸಲ ನಾವೇ ಕಟ್ಟೋಣ ಅಪ್ಪ” ಎಂದಳು.

ನಮಗೆ ಧೈರ್ಯ ಸಾಲಲಿಲ್ಲ. ಹಣವು ನಮ್ಮ ನಿವೃತ್ತಿಯ ಕಾಲದಲ್ಲಿ ಬಂದುದು. ಅದಕ್ಕೆ ಮುಂದೆ ಮರಿಯಿಲ್ಲ. ಊರಿನ ಅಂಗಡಿಯಲ್ಲಿ ವಿಚಾರಿಸಿದಾಗ ಸಿದ್ಧಯಂತ್ರಕ್ಕೆ, ತೆರೆಯೂ ಕೀಲಿಮಣೆಯೂ ಸೇರಿ, ಸುಮಾರು 54,000 ರೂಪಾಯಿ ಹೇಳಿದರು. ಒಂದು ವರ್ಷ ಮನೆಗೇ ಬಂದು ನೋಡುವರಂತೆ. ಮಗಳ ಲೆಕ್ಕ 42,000ದ ಹತ್ತಿರವಿದ್ದಿತು. ಆದರೆ ತಪ್ಪಿದರೆ ಹೊಣೆ ಯಾರದು? ಮನೆಯವರು ಎರಡು ಕಡೆಯ ಮಾತನ್ನೂ ಕೇಳಿ, “ಹನ್ನೆರಡು ಸಾವಿರ ಉಳಿಯುತ್ತೆ ಅಂತ ಹೋಗಬೇಡಿ. ಅವಳು ಕಲೀತಾಳೆ ಅಂತಿದ್ದರೆ ಹೋಗಿ” ಎಂದರು. ಆ ಮಾತೇ ನಮ್ಮನ್ನು ಹೊರಡಿಸಿತು.

ಸಂಸ್ಕೃತವನ್ನು ಕಲಿಸಿದವರಿಗೆ ಈ ವಿಕಲ್ಪವೇನೂ ಹೊಸದಲ್ಲ. ವಿದ್ಯಾರ್ಥಿಗೆ ಶಬ್ದಗಳ ಸಿದ್ಧರೂಪಗಳನ್ನು ಬಾಯಿಪಾಠ ಮಾಡಿಸುವುದು ಒಂದು ದಾರಿ. ಪ್ರಕೃತಿಗೆ ಪ್ರತ್ಯಯವನ್ನು ಸೇರಿಸಿ, ಸೂತ್ರಗಳನ್ನು ಹೇಳಿ, ಆ ರೂಪವು ಹೇಗೆ ಸಿದ್ಧವಾಯಿತೆಂದು ಸಾಧಿಸಿ ತೋರಿಸುವುದು ಇನ್ನೊಂದು ದಾರಿ. ಮೊದಲನೆಯದರಿಂದ ಹುಡುಗನಿಗೆ ಬೇಗ ಓದಲು ಬರುತ್ತದೆ; ಎರಡನೆಯದರಿಂದ, ತಪ್ಪಿದಾಗ ಎಲ್ಲಿ ತಪ್ಪಿತೆಂದು ತಿಳಿಯುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ನಾವು, ಈ ಎರಡನ್ನೂ ಹುಡುಗರನ್ನು ನೋಡಿಕೊಂಡು ಬಳಸಿದವರೇ.

ಬೆಳಗಿನ ರೈಲಿನಲ್ಲಿ ತುಮಕೂರನ್ನು ಬಿಟ್ಟು, ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ರೋ ಹತ್ತಿದೆವು. ಹಸುರು ಮಾರ್ಗದ 2017ರಲ್ಲಿ ತೆರೆದ ಭಾಗದಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ನೆಲದೊಳಗಿನ ಆ ತಂಪಿನಿಂದ ಮೆಟ್ಟಿಲೇರಿ ಮೇಲೆ ಬಂದರೆ, ಒಮ್ಮೆಗೇ ಹಳೆಯ ಬೆಂಗಳೂರಿನ ನಡುವೆ ನಿಲ್ಲುವೆವು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳುವ ಪೇಟೆ ಇದು. ಅಕ್ಕಿಯ ವ್ಯಾಪಾರದ ಅಕ್ಕಿಪೇಟೆ, ಹತ್ತಿಯ ಅರಳೆಪೇಟೆ, ಮಡಕೆ ಮಾಡುವವರ ಕುಂಬಾರಪೇಟೆ, ತೋಟಗಾರರ ತಿಗಳರಪೇಟೆ, ವರ್ತಕರ ನಗರ್ತಪೇಟೆ—ಹೀಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಕಸುಬುಗಳು ಎಷ್ಟೋ ಕಡೆ ಹೋಗಿ ಹೆಸರು ಮಾತ್ರ ಉಳಿದಿದೆ. ಆದರೆ ಒಂದೇ ಸರಕಿನವರು ಒಂದೇ ಬೀದಿಯಲ್ಲಿ ಮೊಳಕೈಗೆ ಮೊಳಕೈ ತಾಗಿಸಿ ಕುಳಿತು ವ್ಯಾಪಾರ ಮಾಡುವ ಕ್ರಮ ಹೋಗಿಲ್ಲ. ಹಿಂದೆ ದೊಡ್ಡಪೇಟೆಯಾಗಿದ್ದ ಅವೆನ್ಯೂ ರಸ್ತೆಯನ್ನು ದಾಟುವಾಗ, ಹಳೆಯ ಪುಸ್ತಕದ ರಾಶಿಯೊಂದರ ಬಳಿ ನಮ್ಮ ಕಾಲು ತಾನಾಗಿ ನಿಂತಿತು. ಮಗಳು ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋದಳು.

ಎಸ್. ಪಿ. ರೋಡೆಂದರೆ ಸದರ್ ಪತ್ರಪ್ಪ ರಸ್ತೆ. ಪುಟ್ಟಣ್ಣಚೆಟ್ಟಿ ಪುರಭವನದಿಂದ ಹೆಚ್ಚು ದೂರವಿಲ್ಲ. ಅದರ ಸುತ್ತುಮುತ್ತ ಇಂದಿಗೂ ಪಂಪು, ಮೋಟಾರು, ತಂತಿ, ಬೋಲ್ಟುಗಳ ಅಂಗಡಿಗಳುಂಟು. ಅವುಗಳ ನಡುವೆ ಕಂಪ್ಯೂಟರಿನ ಅಂಗಡಿಗಳು ಅಕ್ಕಪಕ್ಕದಲ್ಲಿಯೂ, ಮಹಡಿಯ ಮೇಲೂ, ಮಹಡಿಯ ಹಿಂದಣ ಓಣಿಯಲ್ಲಿಯೂ ತುಂಬಿಕೊಂಡಿವೆ. ಎತ್ತಿನ ಗಾಡಿಯ ಕಾಲದ ಅಗಲದ ಬೀದಿ. ಅದರಲ್ಲಿ ಸ್ಕೂಟರು, ಕೈಗಾಡಿ, ತಲೆಯ ಮೇಲೆ ಆರು ಪೆಟ್ಟಿಗೆ ಹೊತ್ತ ಹಮಾಲಿ, ಅವನ ಹಿಂದೆ ಕೂಗುತ್ತ ಬರುವ ಚಹಾದ ಹುಡುಗ. ನೆತ್ತಿಯ ಮೇಲೆ ತಂತಿಗಳ ಜಾಲ. ಕನ್ನಡ, ಹಿಂದಿ, ತಮಿಳು, ಮಾರವಾಡಿ ಎಲ್ಲವೂ ಒಂದೇ ವಾಕ್ಯದಲ್ಲಿ ಕೇಳಿಬರುತ್ತವೆ. ಭಾನುವಾರ ಬಹುಪಾಲು ಅಂಗಡಿಗಳಿಗೆ ಬಿಡುವಾದುದರಿಂದ ನಾವು ವಾರದ ನಡುವೆ ಹೋಗಿದ್ದೆವು.

ಮೊದಲನೆಯ ಅಂಗಡಿಯಾತನು ನಮ್ಮ ನರೆಗೂದಲನ್ನು ನೋಡಿ, “ಎಷ್ಟು ಬಜೆಟ್ ಸಾರ್? ಗೇಮಿಂಗಾ, ಆಫೀಸ್ ಯೂಸಾ?” ಎಂದನು. ಉತ್ತರ ಹೇಳಿದವಳು ಮಗಳು. ಅವನು ಮತ್ತೆ ನಮ್ಮನ್ನೇ ಕೇಳಿದನು. ಅವಳು ಮತ್ತೆ ಉತ್ತರ ಹೇಳಿದಳು. ಮೂರನೆಯ ಸಲ ನಾವು, “ಯಜಮಾನರೇ, ಇಲ್ಲಿ ಮೇಷ್ಟ್ರು ಅವಳು, ನಾನು ಚೀಲ ಹಿಡಿದುಕೊಂಡು ಬಂದವನು” ಎಂದಮೇಲೆ ಆತನು ನಕ್ಕು, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದನು. ಅಲ್ಲಿಂದ ಮುಂದಿನ ಸಂವಾದವನ್ನು ನಾವು ಶಿಷ್ಯನಂತೆ ಕೇಳಿದೆವು. ಆ ದಿನ ಕಲಿತುದನ್ನು ಸಂಕ್ಷೇಪವಾಗಿ ಹೇಳುವೆವು.

ಕಂಪ್ಯೂಟರಿಗೆ ಮುಖ್ಯವಾದ ಅಂಗಗಳು ಆರು. ಲೆಕ್ಕ ಮಾಡುವ ಪ್ರೊಸೆಸರು. ಎಲ್ಲವನ್ನೂ ಹೊತ್ತು ಒಂದಕ್ಕೊಂದನ್ನು ಕೂಡಿಸುವ ಮದರ್‌ಬೋರ್ಡು. ಕೆಲಸ ನಡೆಯುವಾಗ ಮಾತ್ರ ನೆನಪಿಟ್ಟುಕೊಳ್ಳುವ ರ್‍ಯಾಮು. ಆರಿಸಿದ ಮೇಲೂ ಮರೆಯದ ಎಸ್ಎಸ್‌ಡಿ. ಮೇಲೆ ಹೇಳಿದ ಎಸ್ಎಂಪಿಎಸ್. ಇವೆಲ್ಲಕ್ಕೂ ಮನೆಯಾದ ಕ್ಯಾಬಿನೆಟ್ಟು. ಚಿತ್ರ ಮೂಡಿಸುವ ಶಕ್ತಿ ಪ್ರೊಸೆಸರಿನಲ್ಲಿಯೇ ಇದ್ದರೆ ಓದುವ ಮಕ್ಕಳಿಗೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ. ಮಗಳು ಆರಿಸಿದ ಎಎಂಡಿಯ ರೈಜನ್ 5 5600ಜಿ ಅಂತಹದು.

ಈ ಅಂಗಗಳನ್ನು ಬೇರೆಬೇರೆ ಕಂಪನಿಯವರು ಬೇರೆಬೇರೆ ದೇಶಗಳಲ್ಲಿ ಮಾಡಿದರೂ ಒಂದಕ್ಕೊಂದು ಕೂಡುವುದೇ ಆಶ್ಚರ್ಯ. ಇದಕ್ಕೊಂದು ಚರಿತ್ರೆಯುಂಟು. 1975ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ 8800 ಎಂಬ ಯಂತ್ರವನ್ನು ಬಿಡಿಭಾಗಗಳಾಗಿ ಕೊಂಡರೆ 439 ಡಾಲರು, ಜೋಡಿಸಿದ್ದನ್ನೇ ಕೊಂಡರೆ 621 ಡಾಲರು ಎಂದು ಬೆಲೆಯಿಟ್ಟಿದ್ದರು. ನಮ್ಮ ಪ್ರಶ್ನೆ ಮನೆಯ ಕಂಪ್ಯೂಟರಿನಷ್ಟೇ ಹಳೆಯದು. 1981ರಲ್ಲಿ ಐಬಿಎಂ ಕಂಪನಿಯವರು ತಮ್ಮ ಪರ್ಸನಲ್ ಕಂಪ್ಯೂಟರನ್ನು ಬಹುಮಟ್ಟಿಗೆ ಪೇಟೆಯಲ್ಲಿ ಸಿಕ್ಕುವ ಭಾಗಗಳಿಂದ ಕಟ್ಟಿ, ಅದರ ಒಳರಚನೆಯನ್ನೂ ಪ್ರಕಟಿಸಿದರು. ಇತರರು ಅದಕ್ಕೆ ಹೊಂದುವ ಯಂತ್ರಗಳನ್ನೂ ಭಾಗಗಳನ್ನೂ ಮಾಡತೊಡಗಿದರು. 1995ರಲ್ಲಿ ಇಂಟೆಲ್ ಕಂಪನಿಯವರು ಮದರ್‌ಬೋರ್ಡಿನ ಅಳತೆ, ತಿರುಪಿನ ರಂಧ್ರ, ವಿದ್ಯುತ್ತಿನ ಮೂತಿ ಇವಕ್ಕೆ ಎಟಿಎಕ್ಸ್ ಎಂಬ ನಿಯಮವನ್ನು ಹಾಕಿಕೊಟ್ಟರು. ಎಸ್. ಪಿ. ರೋಡಿನ ವ್ಯಾಪಾರವೆಲ್ಲ ಇಂತಹ ಸಾಮಾನ್ಯ ನಿಯಮಗಳ ಮೇಲೆ ನಿಂತಿದೆ. ನಮ್ಮ ಹಳೆಯ ಯಂತ್ರವು ಸತ್ತುದು ಆ ನಿಯಮವನ್ನು ಬಿಟ್ಟು ತನ್ನದೇ ಆಕಾರವನ್ನು ಹಿಡಿದುದರಿಂದ.

ನಿಯಮವುಂಟೆಂದು ಎಲ್ಲವೂ ಎಲ್ಲಕ್ಕೂ ಕೂಡುವುದಿಲ್ಲ. ನಾವು ಕೊಂಡ ಪ್ರೊಸೆಸರಿಗೆ ಎಎಂ4 ಎಂಬ ಪೀಠವೇ ಆಗಬೇಕು; ಅದರ ಅಡಿಯಲ್ಲಿ 1331 ಸೂಜಿಗಳಿವೆ. ಇಂಟೆಲ್ಲಿನವುಗಳಿಗೆ ಸೂಜಿಗಳಿರುವುದು ಮದರ್‌ಬೋರ್ಡಿನ ಪೀಠದಲ್ಲಿ. ಎಲ್ಲಿದ್ದರೂ ಒಂದು ಸೂಜಿ ಬಗ್ಗಿದರೆ ಬೆಲೆ ತೆರಬೇಕಾಗುತ್ತದೆ. ರ್‍ಯಾಮಿನಲ್ಲಿ ಡಿಡಿಆರ್4 ಬೇರೆ, ಡಿಡಿಆರ್5 ಬೇರೆ. ಕಚ್ಚು ಬೇರೆಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಇಳಿಯುವುದಿಲ್ಲ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. ಎರಡು ಬಾಗಿಲಿನಲ್ಲಿ ಸಾಮಾನು ಸಾಗಿಸಿದಂತೆ ಕೆಲಸ ಬೇಗನಾಗುತ್ತದೆ. ಎಸ್ಎಂಪಿಎಸ್ಸಿನಲ್ಲಿ ಮಾತ್ರ ಜಿಪುಣತನ ಕೂಡದು. ಅಗ್ಗದ್ದು ಕೆಟ್ಟರೆ ತಾನೊಂದೇ ಕೆಡದೆ ಇತರ ಭಾಗಗಳನ್ನೂ ಕೆಡಿಸಬಹುದು.

ಒಂದು ಅಂಗಡಿಯಲ್ಲಿ ಪ್ರೊಸೆಸರಿಗೆ ಉಳಿದವರಿಗಿಂತ ಸಾವಿರ ರೂಪಾಯಿ ಕಡಮೆ ಹೇಳಿದರು. ಬಿಲ್ಲು ಕೇಳಿದರೆ, “ಬಿಲ್ ಬೇಕಂದ್ರೆ ಹದಿನೆಂಟು ಪರ್ಸೆಂಟ್ ಆಗುತ್ತೆ ಮೇಡಂ” ಎಂದರು. ನಮಗೆ ಆ ಸಾವಿರದ ಆಸೆ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ಮಗಳು ಪೆಟ್ಟಿಗೆಯ ಅಂಚನ್ನು ನೋಡಿ, ಅಂಟಿಸಿದ ಮುದ್ರೆ ಒಮ್ಮೆ ಬಿಚ್ಚಿ ಮತ್ತೆ ಮೆತ್ತಿದಂತಿರುವುದನ್ನು ನಮಗೆ ಮಾತಿಲ್ಲದೆ ತೋರಿಸಿ, ಎದ್ದಳು. ಭಾಗಗಳನ್ನು ಕೊಳ್ಳುವವರು ಇದನ್ನು ಮರೆಯಬಾರದು: ಒಂದೊಂದು ಭಾಗಕ್ಕೂ ಬೇರೆಬೇರೆ ವಾರಂಟಿ, ಅದಕ್ಕೆ ಆಧಾರ ಜಿಎಸ್‌ಟಿ ಬಿಲ್ಲು, ಆ ಬಿಲ್ಲಿನಲ್ಲಿ ಭಾಗದ ಕ್ರಮಸಂಖ್ಯೆ ಬರೆದಿರಬೇಕು. ಮೂರು ಅಂಗಡಿ ತಿರುಗಿ, ಕೊನೆಗೆ ಕುರ್ಚಿ ತಿರುಗಿಸಿದ ಮೊದಲನೆಯಾತನಲ್ಲಿಯೇ ಎಲ್ಲವನ್ನೂ ಕೊಂಡೆವು. ಪೆಟ್ಟಿಗೆಯ ಭಾಗಗಳಿಗೆ ಸುಮಾರು 33,500, ತೆರೆಗೆ 7,500, ಕೀಲಿಮಣೆ ಮೂಷಿಕಗಳಿಗೆ 900. “ಐನೂರು ಕೊಡಿ, ಇಲ್ಲೇ ಜೋಡಿಸಿಕೊಡ್ತೀನಿ” ಎಂದನು. ಮಗಳು ಬೇಡವೆಂದಳು. ಆ ಐನೂರನ್ನು ಅದೇ ರಾತ್ರಿ ನಾವು ನೆನೆಯಬೇಕಾಯಿತು.

ಸಂಜೆಯ ರೈಲಿನಲ್ಲಿ ಜನ ತುಂಬಿದ್ದಿತು. ಮದರ್‌ಬೋರ್ಡಿನ ಪೆಟ್ಟಿಗೆಯನ್ನು ಮಗಳು ಎಳೆಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಕ್ಯಾಬಿನೆಟ್ಟು ನಮ್ಮ ಕಾಲುಗಳ ನಡುವೆ. ಎದುರಿಗೆ ಕುಳಿತ ರೈತರೊಬ್ಬರು ಇದೇನೆಂದು ಕೇಳಿ ತಿಳಿದು, “ಪಂಪ್‌ಸೆಟ್ ಹಂಗೇ ಬಿಡಿ. ಬಿಚ್ಚಕ್ಕೆ ಬಂದ್ರೆ ತಗೋಬೇಕು” ಎಂದರು. ಒಂದು ಹಗಲಿನಲ್ಲಿ ನಾವು ಕೇಳಿದ ಮಾತುಗಳಲ್ಲಿ ಇದಕ್ಕಿಂತ ತೂಕದ ಮಾತು ಇನ್ನೊಂದಿರಲಿಲ್ಲ.

ಮನೆಯಲ್ಲಿ ಕೈಕಾಲು ತೊಳೆದು, ಸಂಧ್ಯಾವಂದನೆ ಮುಗಿಸಿ, ರೇಷ್ಮೆಯ ಮಡಿಯಲ್ಲಿಯೇ ನೋಡಲು ಬಂದಾಗ ಮಗಳು, “ಅಪ್ಪ, ಆ ಮಡಿ ಉಟ್ಟುಕೊಂಡು ಇದನ್ನ ಮುಟ್ಟಬೇಡಿ” ಎಂದು ತಡೆದಳು. ರೇಷ್ಮೆಯ ಉಜ್ಜಾಟದಿಂದ ಹುಟ್ಟುವ, ನಮಗೆ ಅರಿವಿಗೂ ಬಾರದ ವಿದ್ಯುತ್ತು ಈ ಭಾಗಗಳನ್ನು ಕೊಲ್ಲಬಲ್ಲದಂತೆ. ಮಡಿಯುಟ್ಟವರನ್ನೇ ದೂರವಿರಿಸುವ ಮಡಿಯನ್ನು ನಾವು ಅಂದೇ ಕಂಡುದು! ಮೇಜಿನ ಮೇಲೆ ಅವಳು ಜೋಡಿಸುತ್ತ ಹೋದಳು. ನಾವು ಹತ್ತಿಯ ಪಂಚೆಯುಟ್ಟು, ಕೈಪಿಡಿಯನ್ನು ಗಟ್ಟಿಯಾಗಿ ಓದುತ್ತ ಹೋದೆವು. ಪ್ರೊಸೆಸರು ಬಲವಿಲ್ಲದೆ ತಾನಾಗಿ ಪೀಠದಲ್ಲಿ ಇಳಿಯಿತು. ರ್‍ಯಾಮಿಗೆ ಬಲ ಬೇಕಾಯಿತು, ಎರಡು ಕೊನೆಯಲ್ಲಿಯೂ ಟಕ್ಕೆಂದಿತು.

ಹತ್ತೂವರೆ ಗಂಟೆಗೆ ಗುಂಡಿ ಒತ್ತಿದಳು. ಬೀಸಣಿಗೆ ತಿರುಗಿತು. ತೆರೆಯಲ್ಲಿ ಏನೂ ಇಲ್ಲ. ಆರಿಸಿ ಮತ್ತೆ ಒತ್ತಿದಳು. ಬೀಸಣಿಗೆ ತಿರುಗಿತು, ತೆರೆ ಕಪ್ಪು. ರ್‍ಯಾಮನ್ನು ತೆಗೆದು ಕೂರಿಸಿದಳು; ಅದೇ. ಹನ್ನೊಂದೂವರೆಯಾಯಿತು. ಅವಳ ಮುಖದ ಮೇಲಿದ್ದ ಧೈರ್ಯವು ಒಂದೊಂದಾಗಿ ಇಳಿದು, “ನಿಮ್ಮ ದುಡ್ಡು ಹಾಳುಮಾಡಿದೆ ಅಪ್ಪ” ಎಂದಾಗ ಕಣ್ಣು ತುಂಬಿದ್ದುವು. ನಮಗೆ ಬಾಯಿಗೆ ಬಂದ ಮಾತು ಅಂಗಡಿಯವನ ಐನೂರು ರೂಪಾಯಿನದು. ಮನೆಯವರು ನಮ್ಮನ್ನು ಒಮ್ಮೆ ನೋಡಿದರು. ಆ ಮಾತನ್ನು ನುಂಗಿಕೊಂಡೆವು.

ರೂಪವು ಸಾಧಿಸದೆ ಹೋದಾಗ ಪಾಠಶಾಲೆಯಲ್ಲಿ ಮಾಡುತ್ತಿದ್ದುದನ್ನೇ ಮಾಡೋಣವೆಂದು, ಕೈಪಿಡಿಯನ್ನು ಮೊದಲನೆಯ ಪುಟದಿಂದ ಓದಿದೆವು. ಒಂದೊಂದು ವಾಕ್ಯಕ್ಕೂ ಅವಳು ಆಯಾ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಪ್ರೊಸೆಸರಿಗೆಂದೇ ಬೇರೆಯಾದ ಎಂಟು ರಂಧ್ರಗಳ ವಿದ್ಯುತ್ ತಂತಿಯ ಮಾತು ಬಂದಾಗ ಅವಳ ಬೆರಳು ಮೂಲೆಯಲ್ಲಿ ನಿಂತಿತು. ಅಲ್ಲಿ ತಂತಿಯಿರಲಿಲ್ಲ. ಅದು ಕ್ಯಾಬಿನೆಟ್ಟಿನ ಹಿಂದೆ ಮಡಿಚಿಕೊಂಡು ಬಿದ್ದಿದ್ದಿತು. ಅದನ್ನು ಸೇರಿಸಿ ಗುಂಡಿ ಒತ್ತಿದ ಕೂಡಲೆ ತೆರೆ ಬೆಳಗಿತು. ಅವಳು ನಗುತ್ತಲೂ ಕಣ್ಣೊರಸಿಕೊಳ್ಳುತ್ತಲೂ ಇದ್ದಳು. ಮನೆಯವರು ಆ ಹೊತ್ತಿನಲ್ಲಿ ಎಲ್ಲರಿಗೂ ಮತ್ತೊಮ್ಮೆ ಮಜ್ಜಿಗೆ ಕೊಟ್ಟರು.

ಮರುದಿನ ಹಣ ತೆರಬೇಕಿಲ್ಲದ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದಳು. ಅದರಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸದ ಕನ್ನಡ ಕೀಲಿಮಣೆಯೂ ದೊರೆತುದರಿಂದ ನಮಗೂ ಪ್ರಯೋಜನವಾಯಿತು. ಆದರೆ ಲೆಕ್ಕವನ್ನು ನ್ಯಾಯವಾಗಿ ಹೇಳಬೇಕು. ಸಿದ್ಧಯಂತ್ರದ 54,000ದಲ್ಲಿ ವಿಂಡೋಸಿನ ಬೆಲೆಯೂ ಸೇರಿದ್ದಿತು. ಅದನ್ನು ಬೇರೆಯಾಗಿ ಕೊಳ್ಳಬೇಕಾದವರಿಗೆ, ಪ್ರಯಾಣದ ಖರ್ಚನ್ನೂ ಎರಡು ದಿನದ ದುಡಿಮೆಯನ್ನೂ ಕೂಡಿಸಿದರೆ, ನಮ್ಮ ಹನ್ನೆರಡು ಸಾವಿರದ ಉಳಿತಾಯದಲ್ಲಿ ಬಹುಭಾಗ ಕರಗಿಹೋಗುವುದು.

ಹದಿನಾಲ್ಕು ತಿಂಗಳಾದ ಮೇಲೆ ನಮ್ಮ ಎಸ್ಎಂಪಿಎಸ್ ಕೆಟ್ಟಿತು. ಮಗಳು ಅರ್ಧ ಗಂಟೆಯಲ್ಲಿ ದೋಷ ಅದರದೇ ಎಂದು ಗೊತ್ತುಮಾಡಿದಳು. ಸಿದ್ಧಯಂತ್ರವಾಗಿದ್ದರೆ ಒಂದು ವರ್ಷದ ಅವಧಿ ಮುಗಿದಿರುತ್ತಿತ್ತು. ಇದಕ್ಕೆ ಮೂರು ವರ್ಷದ ವಾರಂಟಿ ಇದ್ದುದರಿಂದ ಬದಲಿಗೆ ಹೊಸದು ಬಂದಿತು. ಆದರೆ ಅದನ್ನು ಹೊತ್ತುಕೊಂಡು ಬೆಂಗಳೂರಿಗೆ ಹೋದವರು ನಾವು. ಕಾದುದು ಹನ್ನೆರಡು ದಿನ. ಆ ಹನ್ನೆರಡು ದಿನವೂ ಅವಳು ಗೆಳತಿಯ ಮನೆಗೆ ಹೋಗಿ ಕೆಲಸ ಮಾಡಿದಳು. ಮನೆಗೆ ಬಂದು ನೋಡುವವರಿರುವುದು ಏನೂ ಸಣ್ಣ ಅನುಕೂಲವಲ್ಲ.

ಆದಕಾರಣವೇ, 2025ರ ಕೊನೆಯಲ್ಲಿ ನೆರೆಮನೆಯ ವೃದ್ಧದಂಪತಿಗಳು ನಮ್ಮನ್ನು ವಿಚಾರಿಸಿದಾಗ ನಾವು ಬೇರೆ ಉತ್ತರ ಕೊಟ್ಟೆವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಆ ವರ್ಷ ಅಕ್ಟೋಬರ್ 14ಕ್ಕೆ ನಿಂತುಹೋಗಿದ್ದಿತು. ಅವರ ಹಳೆಯ ಯಂತ್ರವು ಮುಂದಿನದಕ್ಕೆ ಒಗ್ಗುವಂತಿರಲಿಲ್ಲ. ಮಗನು ವಿದೇಶದಲ್ಲಿದ್ದಾನೆ, ವಾರಕ್ಕೆರಡು ಸಲ ಅವನ ಮುಖ ನೋಡುವುದು, ಬ್ಯಾಂಕಿನ ವ್ಯವಹಾರ—ಇಷ್ಟೇ ಅವರ ಉಪಯೋಗ. ಇದಲ್ಲದೆ, ಕೃತಕ ಬುದ್ಧಿಯ ದೊಡ್ಡ ಯಂತ್ರಶಾಲೆಗಳಿಗೆಂದು ಕಾರ್ಖಾನೆಗಳು ತಮ್ಮ ಸರಕನ್ನು ತಿರುಗಿಸಿದುದರಿಂದ, ಆ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಬಹಳ ಏರಿದ್ದಿತು. ನಮ್ಮ ಹಳೆಯ ಲೆಕ್ಕವೇ ಹಿಡಿಯುತ್ತಿರಲಿಲ್ಲ. ಸಿದ್ಧಯಂತ್ರವನ್ನೇ ಕೊಳ್ಳಿರೆಂದೆವು, ಮನೆಗೆ ಬಂದು ನೋಡುವ ಕರಾರನ್ನು ಮೂರು ವರ್ಷಕ್ಕೆ ಬರೆಸಿಕೊಳ್ಳಿರೆಂದೂ, ಒಳಗಿನ ಎಸ್ಎಂಪಿಎಸ್ ಸಾಮಾನ್ಯ ಅಳತೆಯದೇ ಎಂದು ಮೊದಲೇ ಕೇಳಿರೆಂದೂ ಹೇಳಿದೆವು.

ವಾಚಕರಿಗೂ ನಾವು ಹೇಳುವುದು ಇಷ್ಟೆ. ಬೆಲೆಯ ವ್ಯತ್ಯಾಸವನ್ನು ಮೊದಲು ನೋಡಬೇಡಿರಿ. ಅದು ತಿಂಗಳಿಗೊಂದು ತೆರನಾಗುತ್ತದೆ. ಯಂತ್ರ ನಿಂತುಹೋದ ದಿನ ಅದನ್ನು ಬಿಚ್ಚುವವರು ಯಾರೆಂದು ಮನೆಯವರೆಲ್ಲ ಕುಳಿತು ಕೇಳಿಕೊಳ್ಳಿರಿ. “ನಾನು” ಎಂದು ಹೇಳುವ ಹುಡುಗನೋ ಹುಡುಗಿಯೋ ನಿಮ್ಮ ಮನೆಯಲ್ಲಿದ್ದರೆ, ಅವರನ್ನು ಮುಂದಿಟ್ಟುಕೊಂಡು ಎಸ್. ಪಿ. ರೋಡಿಗೆ ಹೋಗಿರಿ, ಚೀಲ ನೀವು ಹಿಡಿಯಿರಿ. ಯಾರೂ ಇಲ್ಲವಾದರೆ ಸಿದ್ಧವಾದುದನ್ನು ಕೊಳ್ಳುವುದರಲ್ಲಿ ಕುಂದೇನೂ ಇಲ್ಲ.

ನಮ್ಮ ಬೀರುವಿನ ಬಾಗಿಲ ಒಳಮೈಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಮಗಳು ಒಂದು ಹಾಳೆಯನ್ನು ಅಂಟಿಸಿದ್ದಾಳೆ. ಒಂದೊಂದು ಭಾಗದ ಹೆಸರು, ಕೊಂಡ ದಿನ, ವಾರಂಟಿ ಮುಗಿಯುವ ದಿನ ಅದರಲ್ಲಿವೆ. ಎಲ್ಲಕ್ಕೂ ಕೆಳಗೆ, ಕೆಂಪು ಶಾಯಿಯಲ್ಲಿ, “ಎಂಟು ರಂಧ್ರದ ತಂತಿ—ಮೊದಲು ಇದನ್ನು ನೋಡುವುದು” ಎಂದು ಬರೆದಿದೆ. ಆ ಕೊನೆಯ ಸಾಲು ಮಾತ್ರ ನಮ್ಮ ಅಕ್ಷರ.